ಬಂಪರಿಗೆ ಹಿತ್ತಾಳೆ ಹೊದಿಸಿದ ಕಾಲ

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಇಂಜಿನ್ನಿನ ವಿಷಯ ಕೇಳುತ್ತಾರೆ. ನಾನು ಇಂಜಿನ್ ಮುಟ್ಟಿದವನಲ್ಲ ಎಂದರೆ ನಂಬುವುದಿಲ್ಲ. ಹುಣಸೂರಿನ ಮೋಟಾರು ಶೆಡ್ಡಿನಲ್ಲಿ ಪ್ರಾಯವೆಲ್ಲ ಕಳೆದವನು ಇಂಜಿನ್ ಮುಟ್ಟದೆ ಇನ್ನೇನು ಮಾಡಿದ ಎಂದು ಅವರಿಗೆ ಅನುಮಾನ. ನಾನು ಮಾಡಿದ್ದು ಇಷ್ಟೆ: ಹಳೆಯ ಕಾರುಗಳ ಬಂಪರಿಗೆ ಹೊಳೆಯುವ ಪಟ್ಟಿ ಹೊಡೆದೆ. ಕಾರು ಓಡಲು ಆ ಪಟ್ಟಿ ಬೇಕಿಲ್ಲ, ನಿಲ್ಲಲು ಬೇಕಿಲ್ಲ, ತಿರುಗಲೂ ಬೇಕಿಲ್ಲ. ಆದರೂ ಇಂಜಿನ್ ಕೆಟ್ಟ ಕಾರಿನ ಯಜಮಾನರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಪಟ್ಟಿ ಮಾಸಿದ ಕಾರಿನ ಯಜಮಾನರು ಸಂಜೆಯವರೆಗೂ ಕಾಯುತ್ತಿರಲಿಲ್ಲ. ಯಾವ ಕಸುಬು ಭದ್ರ ಎಂದು ಕೇಳುವವರು ಇದನ್ನು ನೆನಪಿಡಬೇಕು.

ನಮ್ಮದು ಪಾತ್ರೆಗೆ ಕಲಾಯಿ ಹಾಕುವ ಮನೆತನ. ಅಪ್ಪ ಹುಣಸೂರಿನ ಸಂತೆಯ ದಿನ ತಿದಿ ಊದಿ ಕೂತರೆ ಸುತ್ತಲ ಹಳ್ಳಿಯ ಹಿತ್ತಾಳೆ ಚೊಂಬು, ತಪ್ಪಲೆಗಳೆಲ್ಲ ಬೆಳ್ಳಿಯ ಬಣ್ಣ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದವು. ಮೀಸೆ ಬಂದ ಮೇಲೆ ನನಗೂ ಆ ಕೆಲಸ ಕೈಗೆ ಹತ್ತಿತ್ತು. ಆಗ ಮೋಟಾರು ಶೆಡ್ಡು ನಡೆಸುತ್ತಿದ್ದ ಖಾದರ್ ಉಸ್ತಾದರು ಒಂದು ದಿನ ಬಂದು, ನಾನು ಕಲಾಯಿ ಹಾಕಿದ ತಟ್ಟೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿದರು. ತಮ್ಮ ಗಡ್ಡ ಅದರಲ್ಲಿ ಕಾಣಿಸಿತು. "ಮಿಯಾ, ಈ ಕೆಲಸಾನ ಕಾರಿನ ಮೂತಿಗೆ ಮಾಡ್ತೀಯಾ?" ಎಂದರು. ಮಾರನೆಯ ದಿನದಿಂದ ನಾನು ಮೋಟಾರು ಕೆಲಸಗಾರ. ಮಾಡುತ್ತಿದ್ದದ್ದು ಅದೇ ಕಲಾಯಿ, ಆದರೆ ಈಗ ನನ್ನನ್ನು ಜನ 'ಫಿಟ್ಟರ್ ಇಬ್ರಾಹಿಂ' ಎನ್ನತೊಡಗಿದರು.

ಕೆಲಸದ ರೀತಿ ಹೀಗಿತ್ತು. ಹಿತ್ತಾಳೆ ತಗಡನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿ, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಂಪರಿನ ಬಾಗಿಗೆ ಕೂರಿಸುವುದು. ಆಮೇಲೆ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ ಕೊಳೆ ಬಿಡಿಸಿ, ಕೆಂಡದ ಮೇಲೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಹತ್ತಿಯುಂಡೆಯಿಂದ ಒಂದೇ ಉಸಿರಿಗೆ ಒರೆಸುವುದು. ಉಸಿರು ಕಟ್ಟದಿದ್ದರೆ ಕಲಾಯಿ ಗಂಟುಗಂಟಾಗುತ್ತಿತ್ತು. ಮೈಸೂರಿಗೆ ಕಳಿಸಿ ನಿಕಲ್ ಹಾಕಿಸಬಹುದಿತ್ತು, ಆದರೆ ಅಲ್ಲಿಂದ ವಾಪಸ್ಸು ಬರುವ ಹೊತ್ತಿಗೆ ಯಜಮಾನರ ಉತ್ಸಾಹ ಆರಿಹೋಗುತ್ತಿತ್ತು. ನಮ್ಮ ಕಲಾಯಿ ಒಂದು ಮಳೆಗಾಲ ಹೊಳೆದು ಮಂಕಾಗುತ್ತಿತ್ತು. "ಅದೇ ಒಳ್ಳೇದು. ಎಲ್ಲಾ ಬಾಳಿಕೆ ಬಂದ್ರೆ ನಾವು ಬಾಳೋದು ಹೆಂಗೆ?" ಎನ್ನುತ್ತಿದ್ದರು ಉಸ್ತಾದರು.

ಉಸ್ತಾದರ ಮಾತು ಒಮ್ಮೊಮ್ಮೆ ಬೇಕಾದ್ದಕ್ಕಿಂತ ಬೇಗ ನಿಜವಾಗುತ್ತಿತ್ತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರಿಗೆ ನಾನು ಹೊಡೆದ ಪಟ್ಟಿ ಬಾಳಿಕೆ ಬರುವುದಿರಲಿ, ಮೂರನೆಯ ದಿನಕ್ಕೇ ನಜ್ಜುಗುಜ್ಜಾಗಿ ಬಂತು. ಕಾರು ಯಾವ ಗೋಡೆಗೂ ಗುದ್ದಿರಲಿಲ್ಲ. ಮನೆಯ ಮುಂದೆ ಸುಮ್ಮನೆ ನಿಂತಿತ್ತು. ಪಕ್ಕದ ಬೀದಿಯವರು ಕಾಳಗಕ್ಕೆಂದು ಸಾಕಿದ್ದ ಟಗರು ಆ ದಾರಿಯಲ್ಲಿ ಬಂದು, ಪಟ್ಟಿಯಲ್ಲಿ ಇನ್ನೊಂದು ಟಗರನ್ನು ಕಂಡಿತು. ಇದು ಹಿಂದೆ ಸರಿದರೆ ಅದೂ ಹಿಂದೆ ಸರಿಯಿತು. ಇದು ತಲೆ ಬಗ್ಗಿಸಿದರೆ ಅದೂ ಬಗ್ಗಿಸಿತು. ಇಂಥ ಅವಮಾನವನ್ನು ಯಾವ ಟಗರು ಸಹಿಸುತ್ತದೆ? ಜನ ಬಂದು ಹಿಡಿಯುವಷ್ಟರಲ್ಲಿ ಕಾಳಗ ಮುಗಿದಿತ್ತು. ವ್ಯಾಪಾರಿಯವರು ಟಗರಿನ ಯಜಮಾನನನ್ನು ಬೈದರು. ಆತ, "ನಿಮ್ಮ ಕಾರೇ ಮೊದ್ಲು ನಮ್ ಟಗ್ರುನ್ನ ಗುರಾಯ್ಸಿದ್ದು ಕಣ್ರೀ" ಎಂದ. ಇಬ್ಬರೂ ನ್ಯಾಯಕ್ಕೆ ಉಸ್ತಾದರ ಬಳಿಗೇ ಬಂದರು. ಉಸ್ತಾದರು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನೋಡಿ, ಟಗರಿಗೇ ನಿಜ ಅನ್ನಿಸೋ ಹಂಗೆ ಹೊಳೆದಿದೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ಹೊಸ ಪಟ್ಟಿಯ ಕೆಲಸವನ್ನು ಒಪ್ಪಿಕೊಂಡರು. ಜಗಳಕ್ಕೆ ಬಂದವರಿಂದ ಕೆಲಸ ಹಿಡಿಯುವ ವಿದ್ಯೆ ನನಗೆ ಕೊನೆಯವರೆಗೂ ಬರಲಿಲ್ಲ.

ಇನ್ನೊಬ್ಬರು ಅಂತರಸಂತೆಯ ಕಡೆಯ ಮರದ ಕಂಟ್ರಾಕ್ಟರು. ನಾನು ಇಡೀ ದಿನ ತಿಕ್ಕಿ ಹೊಳಪು ಬರಿಸಿದ ಬಂಪರನ್ನು ಕಂಡು ಮೆಚ್ಚಿ ಕಾರು ಒಯ್ದರು. ಎಂಟು ದಿನದ ಮೇಲೆ ಬಂದು, "ಅದಕ್ಕೆ ಮಸಿ ಬಳಿದುಕೊಡು" ಎಂದರು. ಕಾಡಿನ ದಾರಿಯಲ್ಲಿ ಬಿಸಿಲು ಬಿದ್ದರೆ ಆ ಹೊಳಪು ಒಂದು ಮೈಲಿ ದೂರಕ್ಕೆ ಕಾಣುತ್ತಿತ್ತಂತೆ. ಆನೆಗಳು ಹೆದರುತ್ತವೆ ಎಂದು ಅವರು ಕಾರಣ ಹೇಳಿದರು. ಆನೆಗಳಲ್ಲದೆ ಆ ಕಾಡಿನಲ್ಲಿ ರೇಂಜರೂ ಇದ್ದರು ಎಂಬುದು ನಮಗೆ ಗೊತ್ತಿತ್ತು. ಮಸಿ ಬಳಿದುಕೊಟ್ಟೆವು.

ಆಮೇಲೆ ದೊಡ್ಡ ಯುದ್ಧ ಬಂತು. ಹಿತ್ತಾಳೆ ಸಿಗದಾಯಿತು, ತವರ ಕಣ್ಣಿಗೆ ಬೀಳದಾಯಿತು, ಪೆಟ್ರೋಲೂ ಇಲ್ಲವಾಯಿತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಿದವು. ಕಾರುಗಳು ಕೊಟ್ಟಿಗೆ ಸೇರಿದವು. ಆಗಲೂ ಕೆಲವರು ಬಂದು, ಮರದ ಪಟ್ಟಿಗೆ ಬೆಳ್ಳಿಬಣ್ಣ ಬಳಿಸಿಕೊಂಡು ಹೋದರು. ಓಡದ ಕಾರಿಗೆ ಅಲಂಕಾರ ಯಾಕೆ ಎಂದು ಕೇಳಬಾರದು. ಕೇಳಿದ್ದರೆ ನಾವು ಉಪವಾಸ ಬೀಳುತ್ತಿದ್ದೆವು. ಯುದ್ಧ ಮುಗಿದ ಮೇಲೆ ಕಾರ್ಖಾನೆಯಿಂದಲೇ ಕ್ರೋಮಿಯಂ ಹೊಳಪಿನ ಪಟ್ಟಿಗಳು ಬರತೊಡಗಿದವು. ಅವಕ್ಕೆ ಉಸಿರು ಕಟ್ಟುವ ಕೆಲಸವಿಲ್ಲ, ನಟ್ಟು ತಿರುಗಿಸಿದರೆ ಆಯಿತು.

ಇಷ್ಟು ಹೇಳಿ ಚನ್ನೇಗೌಡರ ಕಾರಿನ ವಿಷಯ ಹೇಳದಿದ್ದರೆ ನಾನು ಏನೂ ಹೇಳಿದಂತಾಗುವುದಿಲ್ಲ. ಅದು ಯುದ್ಧಕ್ಕೆ ಬಹಳ ಮುಂಚಿನ ಮಾತು.

ಚನ್ನೇಗೌಡರು ಸಾಲಿಗ್ರಾಮದ ಪಕ್ಕದ ಹಳ್ಳಿಯವರು. ನಾಲೆಯ ಕೆಳಗೆ ಗದ್ದೆ, ಮನೆ ತುಂಬ ಭತ್ತ, ಒಬ್ಬಳೇ ಮಗಳು. ಕೊಡಗಿನ ಕಾಫಿ ತೋಟದ ಧಣಿಯೊಬ್ಬರು ಸಾಕಾಗಿ ಬಿಟ್ಟ ಕಾರನ್ನು ಕೊಂಡಿದ್ದರು. ಕಾರಿನ ಜೊತೆಗೆ ಅದರ ಡ್ರೈವರ್ ಪೊನ್ನಪ್ಪನೂ ಬಂದಿದ್ದ. ಕಾರಿನ ರೋಗಗಳೆಲ್ಲ ತನಗೊಬ್ಬನಿಗೇ ಗೊತ್ತು ಎಂಬುದು ಅವನ ಹೆಮ್ಮೆ. ಒಂದು ಬೆಳಿಗ್ಗೆ ಗೌಡರು ಆ ಕಾರನ್ನು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ ಇಳಿದರು.

"ಸಾಬ್ರೇ, ಇದ್ರ ಮೂತಿ ನೋಡಿ. ಹಲ್ಲು ಬಿದ್ದೋದ್ ಮುದುಕನ್ ತರ ಅದೆ. ಫಳಫಳ ಅನ್ನಂಗೆ ಬಂಪರ್‌ಗೆ ಪಟ್ಟಿ ಹೊಡ್ಸಿ."

ಉಸ್ತಾದರು ಕಾರನ್ನು ಒಂದು ಸುತ್ತು ಹಾಕಿ ಬಂದರು. "ಗೌಡ್ರೇ, ಈ ಗಾಡಿಗೆ ಬಂಪರೇ ಇಲ್ಲವಲ್ಲ."

ನಿಜವಾಗಿಯೂ ಇರಲಿಲ್ಲ. ಆ ಕಾಲದ ಎಷ್ಟೋ ಹಳೆಯ ಕಾರುಗಳಿಗೆ ಬಂಪರು ಇರುತ್ತಿರಲಿಲ್ಲ. ಗೌಡರು ಅದನ್ನು ಅಲ್ಲಿಯವರೆಗೂ ಗಮನಿಸಿರಲಿಲ್ಲ.

"ಇಲ್ದಿದ್ರೆ ಅದುನ್ನೂ ಮಾಡಿ. ಮೊದ್ಲು ಪಟ್ಟಿ ಚೆನ್ನಾಗಿರ್ಲಿ, ಆಮೇಲೆ ಅದ್ರ ಹಿಂದುಕ್ಕೆ ಒಂದು ಬಂಪರ್ ಇರ್ಲಿ." ಆಮೇಲೆ ದನಿ ತಗ್ಗಿಸಿದರು. "ಮೈಸೂರಿಂದ ಗಂಡಿನ ಕಡೇರು ಬತ್ತಾವ್ರೆ. ವಕೀಲ್ರ ಮನೆ. ಅವ್ರ ಬಾಗ್ಲಲ್ಲಿ ನಿಂತಿರೋ ಕಾರ್ ನೋಡ್ದೆ ಕಣ್ರೀ. ಅದ್ರ ಬಂಪರ್ ನೋಡ್ಕಂಡು ಕ್ಷೌರ ಮಾಡ್ಕಬೈದು. ಅಳ್ಳಿ ಗೌಡ ಅಂತ ನನ್ ಮಗಳ್ನ ಸಸಾರ ಮಾಡ್ಬಾರ್ದು, ಅಷ್ಟೆ."

ಹಳೆಯ ಬಸ್ಸಿನ ಸ್ಪ್ರಿಂಗಿನ ಕಬ್ಬಿಣದ ಪಟ್ಟಿಯನ್ನು ಕಾರಿನ ಅಡಿಚೌಕಟ್ಟಾದ ಚಾಸಿಗೆ ಬೋಲ್ಟು ಮಾಡಿ, ಅದರ ಮೇಲೆ ಹಿತ್ತಾಳೆ ಹೊದಿಸೋಣ ಎಂದು ಉಸ್ತಾದರು ಹೇಳಿದರು. ಚಾಸಿಗೆ ತೂತು ಕೊರೆಯಬೇಕು ಎಂದ ಕೂಡಲೆ ಗೌಡರು ಎದ್ದು ನಿಂತರು. ತೂತು ಕೊರೆದರೆ ಕಾರಿನ ಬೆನ್ನುಮೂಳೆ ಮುರಿದಂತೆ ಎಂಬುದು ಅವರ ನಂಬಿಕೆ. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಹಗುರವಾದ ಹಲಸಿನ ಮರದ ತೊಲೆಯೊಂದನ್ನು ಬಂಪರಿನ ಆಕಾರಕ್ಕೆ ಕೆತ್ತಿಸಿ, ಅದಕ್ಕೆ ಹಿತ್ತಾಳೆ ಹೊದಿಸಿ, ಕಲಾಯಿ ಹಾಕಿ, ಎರಡು ತುದಿಗೂ ಬಳ್ಳಿಯ ಕೆತ್ತನೆ ಮಾಡಿ, ಮಡ್‌ಗಾರ್ಡಿನ ತಗಡಿಗೆ ಸಿಕ್ಕಿಸಿದೆವು. ನೋಡಲು ಮೈಸೂರು ಕಾರಿನ ಬಂಪರಿಗಿಂತ ದಪ್ಪಗಿತ್ತು. ಉಸ್ತಾದರು ಪೊನ್ನಪ್ಪನನ್ನು ಪಕ್ಕಕ್ಕೆ ಕರೆದು, "ನೋಡಪ್ಪ, ಇದು ಮದುಮಗಳ ಬಳೆ ಇದ್ದಂಗೆ. ನೋಡಬೇಕು, ಎಳೀಬಾರದು" ಎಂದರು.

"ಎಂತ ಉಸ್ತಾದರೇ, ನನಗೆ ಗೊತ್ತಿಲ್ವಾ?" ಎಂದ ಪೊನ್ನಪ್ಪ.

ಗಂಡಿನ ಕಡೆಯವರು ಬರುವ ದಿನ ನನ್ನನ್ನೂ ಕಾರಿನೊಂದಿಗೆ ಕಳಿಸಬೇಕೆಂದು ಗೌಡರು ಹೇಳಿಕಳಿಸಿದರು. ದಾರಿಯ ಧೂಳು ಪಟ್ಟಿಯ ಮೇಲೆ ಕೂತರೆ ಒರೆಸಲು ಒಬ್ಬ ಬೇಕಿತ್ತು. ಹೀಗೆ ನಾನು ಬಟ್ಟೆಯ ಉಂಡೆ ಹಿಡಿದು, ಫುಟ್‌ಬೋರ್ಡಿನ ಮೇಲೆ ನಿಂತು, ಕೃಷ್ಣರಾಜನಗರದ ರೈಲ್ವೆ ಸ್ಟೇಷನ್ನಿಗೆ ಹೋದೆ. ವಕೀಲರು ತಮ್ಮ ಹೊಳೆಯುವ ಕಾರನ್ನು ಮೈಸೂರಿನಲ್ಲೇ ಬಿಟ್ಟು ರೈಲಿನಲ್ಲಿ ಬಂದಿಳಿದರು. ಹಳ್ಳಿಯ ರಸ್ತೆಯಲ್ಲಿ ಅದು ಹಾಳಾಗುತ್ತದಂತೆ. ಜೊತೆಗೆ ಅವರ ಹೆಂಡತಿ, ಮಗ. ಹುಡುಗ ಲಕ್ಷಣವಾಗಿದ್ದ. ಕೋಟು, ಜರಿಪೇಟ, ಕಾಲಿಗೆ ಹೊಸ ಶೂ. ನಾನು ಒರೆಸಿ ಒರೆಸಿ ಕನ್ನಡಿ ಮಾಡಿದ್ದ ಬಂಪರನ್ನು ಮೂವರಲ್ಲಿ ಒಬ್ಬರೂ ನೋಡಲಿಲ್ಲ. ಬಿಸಿಲು ಎಂದು ಬೇಗ ಬೇಗ ಹತ್ತಿ ಕೂತರು.

ಗೌಡರ ಊರು ಇನ್ನೇನು ಬಂತು ಎನ್ನುವಾಗ ನಾಲೆಯ ಏರಿ ಒಡೆದು ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಪೊನ್ನಪ್ಪ ನಿಧಾನವಾಗಿಯೇ ಇಳಿಸಿದ. ನಡುವೆ ಚಕ್ರ ಹೂತವು. ಕಾರು ಒಂದು ಕಡೆಗೆ ವಾಲಿ ಕೂತುಬಿಟ್ಟಿತು. ನಾನು ಇಳಿದು ಹಿಂದಿನಿಂದ ತಳ್ಳಿದೆ. ಮಂಡಿಯವರೆಗೆ ಕೆಸರು. ಕಾರು ಅಲುಗಲಿಲ್ಲ.

ಹುಡುಗ ಬಾಗಿಲ ಹಿಡಿಗೆ ಕೈ ಹಾಕಿದ. ವಕೀಲರು, "ನೀನು ಇಳೀಬೇಡ. ಶೂ ಹೊಸದು" ಎಂದರು.

"ಸರಿ ಅಪ್ಪಾಜಿ" ಎಂದು ಅವನು ಕೈ ತೆಗೆದ. ಆಮೇಲೆ ಶೂಗಳನ್ನೇ ನೋಡುತ್ತಾ ಕೂತ.

ಪಕ್ಕದ ಗದ್ದೆಯಲ್ಲಿ ಉಳುತ್ತಿದ್ದ ರೈತನೊಬ್ಬ ನಮ್ಮ ಅವಸ್ಥೆ ನೋಡಿ ನೇಗಿಲು ಬಿಚ್ಚಿ, ನೊಗ ಹೊತ್ತ ಎತ್ತುಗಳನ್ನು ಹಗ್ಗದ ಸಮೇತ ಹೊಡೆದುಕೊಂಡು ಬಂದ. ಕಾರಿನ ಅಡಿಯ ಅಚ್ಚು ಕೆಸರಿನಲ್ಲಿ ಮುಳುಗಿತ್ತು. ಎದುರಿಗೆ ತೋಳಿನಷ್ಟು ದಪ್ಪಗೆ, ಹಗ್ಗ ಕಟ್ಟಲೆಂದೇ ಮಾಡಿದಂತೆ ನನ್ನ ಬಂಪರು ಹೊಳೆಯುತ್ತಿತ್ತು. ಅವನು ಅದಕ್ಕೇ ಕಟ್ಟಿದ. ನಾನು ಹಿಂದುಗಡೆ ಇದ್ದೆ. ಪೊನ್ನಪ್ಪ ಸ್ಟೇರಿಂಗು ಹಿಡಿದು, "ಬೇಡ ಮಾರಾಯ, ಅದಕ್ಕಲ್ಲ!" ಎಂದು ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ರೈತನಿಗೆ ಕೇಳಿಸಲಿಲ್ಲ. "ಹೇಯ್! ಹೋಯ್!" ಎಂದು ಎತ್ತುಗಳ ಬಾಲ ಮುರಿದ.

ಟಪ್ಪೆಂದು ಸದ್ದಾಯಿತು. ಎತ್ತುಗಳು ಮುಂದಕ್ಕೆ ಹೋದವು, ಬಂಪರೂ ಹೋಯಿತು. ಕಾರು ಇದ್ದಲ್ಲೇ ಇತ್ತು. ಹಿಂದೆ ದಡದಡ ಬಡಿಯುತ್ತಾ ಬರುವ ಹೊಳೆಯುವ ವಸ್ತುವನ್ನು ಕಂಡು ಎತ್ತುಗಳು ಬೆದರಿ ಊರಿನ ಕಡೆಗೆ ನಾಗಾಲೋಟ ಹೂಡಿದವು. ರೈತ ಅವುಗಳ ಹಿಂದೆ, ನಾನು ಬಂಪರಿನ ಹಿಂದೆ ಓಡಿದೆವು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಓಲಗ ಕರೆಸುವ ಪದ್ಧತಿ ಯಾರಲ್ಲೂ ಇಲ್ಲ. ಗೌಡರು ಕರೆಸಿದ್ದರು. ಚಪ್ಪರದ ಕೆಳಗೆ ಊರೆಲ್ಲ ನೆರೆದಿತ್ತು. ದೂರದಲ್ಲಿ ಧೂಳೂ ಅದರ ನಡುವೆ ಫಳಫಳ ಹೊಳಪೂ ಕಂಡಿದ್ದೇ ತಡ, ಓಲಗದವರು ಊದಲು ಶುರುಮಾಡಿದರು. ಗೌಡರು ಹಾರ ಹಿಡಿದು ಮುಂದೆ ಬಂದರು. ಅವರ ಹೆಂಡತಿ ದೇವೀರಮ್ಮ ಆರತಿ ತಟ್ಟೆ ಎತ್ತಿದರು. ಎತ್ತುಗಳು ಓಲಗಕ್ಕೆ ಇನ್ನಷ್ಟು ಬೆದರಿ ನೇರವಾಗಿ ಚಪ್ಪರಕ್ಕೇ ನುಗ್ಗಿ, ಜನರ ಕೂಗಿಗೆ ಗಕ್ಕನೆ ನಿಂತವು. ಅವುಗಳ ಹಿಂದೆ ಬಂಪರು, ಅದರ ಹಿಂದೆ ರೈತ, ಕೊನೆಗೆ ತಲೆಯಿಂದ ಕಾಲವರೆಗೆ ಕೆಸರಾದ ನಾನು.

ಗೌಡರು ಹಾರ ಹಿಡಿದೇ ಕೇಳಿದರು: "ಕಾರೆಲ್ಲಿ?"

"ಬತ್ತಾ ಅದೆ ಬುದ್ದಿ" ಎಂದೆ. ಇನ್ನೇನು ಹೇಳಲಿ?

ಅತಿಥಿಗಳನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ಗೌಡರ ಮುಖ ನೋಡಲಾಗುತ್ತಿರಲಿಲ್ಲ. ಮರ್ಯಾದೆ ಹೋಯಿತು, ಸಂಬಂಧ ಮುರಿಯಿತು ಎಂದೇ ಅವರು ತಿಳಿದಿದ್ದರು. ಆದರೆ ಹಾಗೇನೂ ಆಗಲಿಲ್ಲ. ವಕೀಲರು ಉಪ್ಪಿಟ್ಟು ತಿಂದು, ಗದ್ದೆಯ ಬಯಲನ್ನು ನೋಡಿ, ಕಣಜವನ್ನು ನೋಡಿ, ಹುಡುಗಿಯನ್ನೂ ನೋಡಿ ಬಹಳ ಸಂತೋಷಪಟ್ಟರು. "ಬಂಪರ್ ಬಿಡಿ ಗೌಡರೇ, ಅದೇನು ದೊಡ್ಡ ವಿಷಯ" ಎಂದರು. ಅಷ್ಟು ಹಟ ಹಿಡಿದು ಮಾಡಿಸಿದ ಬಂಪರು ದೊಡ್ಡ ವಿಷಯವಲ್ಲ ಎಂದು ಕೇಳಿ ಗೌಡರಿಗೆ ಪ್ರಾಣ ಬಂದಂತಾಯಿತು. ಆಗಲೇ ಒಪ್ಪಿಗೆ ಕೊಟ್ಟು ಅವರು ಹೊರಟರು.

ಊರಿನವರು ಕೆಸರಿನಿಂದ ಎತ್ತಿಕೊಟ್ಟ ಕಾರಿನಲ್ಲಿ ಪೊನ್ನಪ್ಪ ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಮೇಲೆ ನಮ್ಮಿಬ್ಬರಿಗೂ ದೇವೀರಮ್ಮ ಹಿತ್ತಿಲಲ್ಲಿ ಎಲೆ ಹಾಕಿಸಿದರು. ಬಡಿಸಲು ಮಗಳು ಜಯಮ್ಮನೇ ಬಂದಳು. ಹದಿನಾರರ ಹುಡುಗಿ. ಆ ದಿನ ಎಲ್ಲರೂ ಅವಳನ್ನು ನೋಡಿದ್ದರು, ಅವಳ ಮಾತು ಯಾರೂ ಕೇಳಿರಲಿಲ್ಲ.

"ಇಬ್ರಾಹಿಮಣ್ಣ, ಮೈಯೆಲ್ಲಾ ಕೆಸ್ರಾಗದಲ್ಲ. ಕಾರ್ ತಳ್ಳುದ್ರಾ?"

"ಊಂ ಕಣವ್ವ."

"ಇನ್ಯಾರು ತಳ್ಳುದ್ರು?"

"ಆ ಆರಂಬದೋನು ಎತ್ತು ಕಟ್ದ. ಪೊನ್ನಪ್ಪ ಸ್ಟೇರಿಂಗ್ ಹಿಡ್ದಿದ್ರು."

"ಅವ್ರು?"

"ಯಾರವ್ವ?"

"ಅವ್ರೇ."

ನಾನು ಪೊನ್ನಪ್ಪನ ಕಡೆ ನೋಡಿದೆ. ಅವನು ಹಿತ್ತಿಲ ನುಗ್ಗೆ ಮರ ನೋಡುತ್ತಿದ್ದ. "ಇಳೀನಿಲ್ಲ ಕಣವ್ವ. ಶೂ ಹೊಸ್ದು, ಬ್ಯಾಡ ಅಂದ್ರು ಅವ್ರಪ್ಪ."

ಅವಳು ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟು ಒಳಗೆ ಹೋದಳು. ನಾನು ಕೈತೊಳೆದು ಬಂಪರಿನ ಚೂರುಗಳನ್ನು ಆಯುತ್ತಿರುವಾಗ ಒಳಗಿನಿಂದ ಗೌಡರ ದನಿ ಕೇಳಿಸಿತು.

"ಶೂ ಕೆಸರಾಯ್ತದೆ ಅಂತ ಇಳೀನಿಲ್ಲ. ಅದೊಂದು ತಪ್ಪಾ?"

"ತಪ್ಪು ಅಂತ ಯಾರಂದ್ರು ಅಪ್ಪಯ್ಯ? ಅವ್ರಪ್ಪ ಕೂರು ಅಂದ್ರೆ ಕೂರ್ತಾರೆ, ಏಳು ಅಂದ್ರೆ ಏಳ್ತಾರೆ. ನಾಳೆ ನನ್ ಕಾಲು ಹೂತ್ರೆ ಅವ್ರಪ್ಪುನ್ನ ಕೇಳ್ಕಂಡು ಬರಾಗಂಟ ನಾನು ಕಾಯ್ಬೇಕಾ? ನಂಗೆ ಬ್ಯಾಡ."

ಆಮೇಲೆ ದೇವೀರಮ್ಮನ ದನಿ: "ಕೂಸು ಹೇಳದ್ರಲ್ಲಿ ಸುಳ್ಳೇನದೆ?"

ಗೌಡರು ದಡದಡ ಹೊರಗೆ ಬಂದರು. ನಾನು ಕಣ್ಣಿಗೆ ಬಿದ್ದೆ. "ಲೇ ಸಾಬಿ, ನಿನ್ನ ಕರ್ಸಿದ್ದು ಬಂಪರ್ ಒರ್ಸಕ್ಕೆ ಕಣ್ಲಾ, ಬಾಯಿ ಬುಡಕ್ಕಲ್ಲ!"

ಹುಣಸೂರಿಗೆ ಬಂದು ಎಲ್ಲವನ್ನೂ ಹೇಳಿದಾಗ ಉಸ್ತಾದರು ಹಣೆ ಹಣೆ ಬಡಿದುಕೊಂಡರು. "ಮಿಯಾ, ಬಂಪರ್ ಕಿತ್ತು ತಂದಿದ್ದು ಬಿಡು. ಸಂಬಂಧಾನೂ ಯಾಕೋ ಕಿತ್ತು ತಂದೆ?" ಅಂದಿನಿಂದ ಶೆಡ್ಡಿನಲ್ಲಿ ಸಾಲಿಗ್ರಾಮದ ಹೆಸರು ಎತ್ತುವಂತಿರಲಿಲ್ಲ. ಆ ಗೌಡರು ಇನ್ನು ನಮ್ಮ ಕಡೆ ತಲೆಹಾಕುವುದಿಲ್ಲ, ನಾಲ್ಕು ತಾಲ್ಲೂಕಿನಲ್ಲೂ ನಮ್ಮ ಹೆಸರು ಕೆಡಿಸುತ್ತಾರೆ ಎಂದು ಉಸ್ತಾದರು ನಂಬಿದ್ದರು. ನಾನು ಅಪ್ಪನ ತಿದಿಗೆ ಎಣ್ಣೆ ಹಚ್ಚಿ ಇಟ್ಟುಕೊಂಡೆ.

ಬೇಸಿಗೆ ಕಳೆದು ಸ್ಕೂಲುಗಳು ಬಾಗಿಲು ತೆಗೆಯುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅದೇ ಕಾರು ಬಂದು ನಿಂತಿತು. ಗೌಡರು ಇಳಿದರು. ಹಿಂದಿನ ಸೀಟಿನಲ್ಲಿ ಒಂದು ತಗಡಿನ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಜಯಮ್ಮ ಕೂತಿದ್ದಳು.

"ಮೈಸೂರ್ನಲ್ಲಿ ಓದ್ತೀನಿ ಅಂತಾಳೆ ಸಾಬ್ರೇ" ಎಂದರು ಗೌಡರು, ಯಾರ ಮುಖವನ್ನೂ ನೋಡದೆ. "ಅವ್ರವ್ವನೂ ಸೈ ಅಂತಾಳೆ. ನಾನೊಬ್ಬ ಏನ್ ಮಾಡ್ಲಿ? ಬಂಪರ್ ಮಾಡುಸ್ಕತೀನಿ. ಈ ಸಲ ಹೊಳ್ಯದು ಬ್ಯಾಡ. ಎತ್ತು ಕಟ್ಟುದ್ರೆ ಕಾರೂ ಬರ್ಬೇಕು."

ಕಬ್ಬಿಣದ ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೇ ಬೋಲ್ಟು ಮಾಡಿದೆವು. ತೂತು ಕೊರೆಯುವಾಗ ಗೌಡರು ಆಸ್ಪತ್ರೆಯಲ್ಲಿ ನಿಂತವರಂತೆ ಮುಖ ತಿರುಗಿಸಿದ್ದರು. ಪಟ್ಟಿಗೆ ಬಣ್ಣವಿಲ್ಲ, ಕಲಾಯಿಯಿಲ್ಲ. ನನ್ನ ಕೈಯಿಂದ ಹೊರಬಿದ್ದವುಗಳಲ್ಲಿ ಅಷ್ಟು ಕುರೂಪವಾದ ಬಂಪರು ಇನ್ನೊಂದಿಲ್ಲ. ಉಸ್ತಾದರು ಅದರ ಮೇಲೆ ಹತ್ತಿ ಕುಣಿದು ತೋರಿಸಿದರು. ಎಲ್ಲರಿಗೂ ತೃಪ್ತಿಯಾಯಿತು.

ಪೊನ್ನಪ್ಪ ಹ್ಯಾಂಡಲ್ ಹಿಡಿದು ಇಂಜಿನ್ ತಿರುಗಿಸಲು ಮುಂದೆ ಬಂದ. ಬಗ್ಗಿ ನೋಡಿದ, ಇನ್ನೊಮ್ಮೆ ಬಗ್ಗಿ ನೋಡಿದ. "ಉಸ್ತಾದರೇ, ಹ್ಯಾಂಡಲ್ ಎಲ್ಲಿಂದ ಹಾಕುದು?"

ಹ್ಯಾಂಡಲ್ ತೂರಿಸುವ ಕಂಡಿಗೆ ಸರಿಯಾಗಿ ಅಡ್ಡ ಬರುವಂತೆ ನಾವು ಬಂಪರು ಕೂರಿಸಿದ್ದೆವು. ಅಷ್ಟು ಬಿಗಿಯಾಗಿ ಕೂರಿಸಿದ್ದನ್ನು ಬಿಚ್ಚಬೇಕಾದರೆ ಮಧ್ಯಾಹ್ನವಾಗುತ್ತಿತ್ತು. ಉಸ್ತಾದರು ಗಡ್ಡ ನೀವಿಕೊಳ್ಳುತ್ತಾ ನಿಂತರು.

"ತಳ್ಳುದ್ರೆ ಸ್ಟಾರ್ಟ್ ಆಗಕಿಲ್ವಾ?" ಎಂದು ಜಯಮ್ಮ ಕೆಳಗಿಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಹಿಂದೆ ಬಂದು ಕೈಯಿಟ್ಟಳು. ನಾನೂ ಉಸ್ತಾದರೂ ಅವಳ ಎರಡು ಪಕ್ಕಕ್ಕೆ ನಿಂತೆವು. ಪೊನ್ನಪ್ಪ ಸ್ಟೇರಿಂಗಿಗೆ ಹೋದ. ಗೌಡರು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ತಳ್ಳಿದೆವು. ಕಾರು ಒಂದು ಮಾರು ಹೋಗಿ ನಿಂತಿತು. ಪೇಟೆಯ ಜನ ಅಂಗಡಿಗಳಿಂದ ಇಣುಕಿದರು.

ಗೌಡರನ್ನು ಯಾರೂ ಕರೆಯಲಿಲ್ಲ. ಅವರು ಕತ್ತು ತಿರುಗಿಸಿ ಮಗಳನ್ನು ಒಂದು ಸಲ ನೋಡಿದರು. ಆಮೇಲೆ ಬಾಗಿಲು ತೆಗೆದು ಇಳಿದು, ಜೋಡು ಕಳಚಿ ಕಾರಿನೊಳಗೆ ಎಸೆದು, ಪಂಚೆ ಎತ್ತಿಕಟ್ಟಿ ಹಿಂದಕ್ಕೆ ಬಂದರು. ನಾನು ಸರಿದು ಜಾಗ ಬಿಟ್ಟೆ. ಮಗಳ ಕೈಯ ಪಕ್ಕಕ್ಕೆ ಕೈಯೂರಿದರು.

ಈ ಸಲ ಕಾರು ಕೆಮ್ಮಿತು, ಸೀನಿತು, ಹೊಗೆ ಕಾರಿ ಹೊರಟೇಬಿಟ್ಟಿತು. ಪೊನ್ನಪ್ಪ ನಿಲ್ಲಿಸುವ ಹಾಗಿರಲಿಲ್ಲ. ಜಯಮ್ಮ ಓಡಿಹೋಗಿ ಫುಟ್‌ಬೋರ್ಡಿಗೆ ಹಾರಿದಳು. ಗೌಡರು ಬರಿಗಾಲಿನಲ್ಲಿ, ರುಮಾಲು ಕೈಯಲ್ಲಿ ಹಿಡಿದು, ಮೈಸೂರು ರಸ್ತೆಯಲ್ಲಿ ಕಾರಿನ ಹಿಂದೆ ಓಡುತ್ತಿದ್ದರು. ಪೊನ್ನಪ್ಪ ಕರುಣೆಯಿಂದ ವೇಗ ತಗ್ಗಿಸಿದ.

"ನಿಲ್ಸಬ್ಯಾಡ ಕಣ್ಲಾ!" ಎಂದು ಗೌಡರು ಏದುಸಿರಿನಲ್ಲಿ ಕೂಗಿದರು. "ನಿಲ್ಸುದ್ರೆ ಮತ್ತೆ ತಳ್ಬೇಕು!"

ಜಯಮ್ಮ ಒಂದು ಕೈಯಲ್ಲಿ ಬಾಗಿಲು ಹಿಡಿದು, ನಗುತ್ತಾ, ಇನ್ನೊಂದು ಕೈಯನ್ನು ಅಪ್ಪನ ಕಡೆಗೆ ಚಾಚಿದಳು.